ಆಪ್ಷನ್ ಬಿಟ್ಟ ಪಾಠಗಳು

ಗಂಗಾಬಾಯಿಗೆ ಪಿಯುಸಿ ಗಣಿತದ ಅಂಕ ಇರಲಿಲ್ಲ. ಉಳಿದ ವಿಷಯಗಳಿಗೆಲ್ಲ ಇದ್ದವು, ಅಂಕಪಟ್ಟಿಯಲ್ಲಿ ಗಣಿತದ ಎದುರು ಮಾತ್ರ ಗೈರುಹಾಜರಿ ಎಂದು ಬರೆದಿತ್ತು. ಮೂವತ್ತೈದು ದಾಟಿ ಸತ್ತಾಗಲೂ ಅದು ಹಾಗೇ ಇತ್ತು.

ಅವಳ ಮಗಳು ಸುಮಿತ್ರಾ ಒಂದು ಜೋಳದ ದಂಟನ್ನು ತಾಯಿಯ ಅಂಗಾಲಿಗೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದಳು. ದಂಟು ಒಮ್ಮೆಗೇ ಮುರಿಯಲಿಲ್ಲ, ನಾರು ಎಳೆದುಕೊಂಡಿತು. ಹಲ್ಲಿನಿಂದ ಕಡಿದು, ಬಾಗಿಲಲ್ಲಿ ನಿಂತಿದ್ದ ಕುಣಿ ತೋಡುವವನ ಕೈಗೆ ಕೊಟ್ಟಳು. ಸತ್ತವರ ಪಾದದ ಅಳತೆಯಲ್ಲೇ ಒಂಬತ್ತು ಪಾದದ ಕುಣಿ ತೋಡುವುದು ಕರಜಗಿಯ ಆ ಮನೆತನದ ರೂಢಿ. ಅವನು ದಂಟನ್ನು ತಿರುಗಿಸಿ ನೋಡಿ, ಇಷ್ಟೇ ಏನು ಎಂದು ಕೇಳಿದ. ಇದ್ದದ್ದೇ ಇಷ್ಟು ಎಂದಳು ಸುಮಿತ್ರಾ.

ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಬಳಿದಿದ್ದರೂ ಮುಖದ ಹಳದಿ ಮುಚ್ಚಿರಲಿಲ್ಲ. ಕಾಮಣಿ ಎಂದು ಮೊದಲು ಊರಿನ ಔಷಧ ಕುಡಿಸಿದ್ದರು, ಆಮೇಲೆ ಸೊಲ್ಲಾಪುರಕ್ಕೆ ಒಯ್ದಿದ್ದರು. ತಡವಾಗಿತ್ತು. ಬೆಳಗಿನ ಜಾವ ಜೀಪಿನಲ್ಲಿ ವಾಪಸ್ ತಂದಿದ್ದರು. ಈಗ ತವರಿನವರು ಹಿರೋಳ್ಳಿಯಿಂದ ಸೀರೆ ತರುವುದನ್ನು ಕಾಯುತ್ತಿದ್ದರು. ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿರಲಿಲ್ಲ.

ಅತ್ತೆ ಸುಭದ್ರಾಬಾಯಿ ಸೊಸೆಯ ಪಕ್ಕದಲ್ಲೇ ಕೂತು, ಬಂದುಬಂದ ಹೆಂಗಸರಿಗೆ ಅವಳ ಕೆಲಸ ಬೊಗಸೆಯ ವರದಿ ಕೊಡುತ್ತಿದ್ದಳು. ರೊಟ್ಟಿ ತೆಳ್ಳಗೆ ಬಡಿಯುತ್ತಿದ್ದಳು, ಎದುರು ಮಾತಾಡುತ್ತಿರಲಿಲ್ಲ, ಕೊಟ್ಟ ಮಾತು ತಪ್ಪುತ್ತಿರಲಿಲ್ಲ. ಒಂದು ದೂರೂ ಇತ್ತು.

"ವಾರಕ್ಕ ಎರಡ ಸಲ ಅಫಜಲಪುರಕ್ಕ ಹೋಗಾಕಿ. ಮಗಳ ಟ್ಯೂಷನ್ನಿಗೆ ಜೋಡಿ. ಸುಮ್ಕ ಯಾಕ ಕೂಡ್ಲಿ, ಬತ್ತಿ ಹೊಸೀತೇನಿ ಅಂತ ಹತ್ತಿ ಗಂಟು ಕಟ್ಟಿಕೊಂಡು ಹೋಗಾಕಿ. ಹತ್ತಿ ಒಯ್ದು ಹತ್ತಿನೇ ತರ್ತಿದ್ಲು ಯವ್ವಾ. ಮೊದಲಿನ ತಿಂಗಳ ಬಿಟ್ರ ಒಂದ ಬತ್ತಿ ಕಾಣ್ಲಿಲ್ಲ ನಾ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಸುಮಿತ್ರಾ ನಗಲಿಲ್ಲ. ಬತ್ತಿ ಯಾಕೆ ಆಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸುಮಿತ್ರಾ ಪಿಯುಸಿ ಎರಡನೆಯ ವರ್ಷದ ಸೈನ್ಸಿನಲ್ಲಿದ್ದಳು. ಅವಳ ಕಾಲೇಜಿನಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ವಾರಕ್ಕೊಮ್ಮೆ ಯಾರೋ ಬಂದು, ಹುಡುಗರಿಗೆ ಬರುವಷ್ಟು ಹೇಳಿ ಹೋಗುತ್ತಿದ್ದರು. ಹುಡುಗರಿಗೆ ಹೆಚ್ಚೇನೂ ಬರುತ್ತಿರಲಿಲ್ಲ. ಅದಕ್ಕೇ ಟ್ಯೂಷನ್. ಹೇಳಿಕೊಡುವವನು ಬಾಡಿಗೆ ಕೋಣೆಯ ಮದುವೆಯಾಗದ ಹುಡುಗ, ಬರುತ್ತಿದ್ದವರೆಲ್ಲ ಗಂಡುಹುಡುಗರು. ಅದಕ್ಕೇ ತಾಯಿ.

ಮೊದಲ ತಿಂಗಳು ಗಂಗಾಬಾಯಿ ಬಾಗಿಲ ಹತ್ತಿರದ ಚಾಪೆಯ ಮೇಲೆ ಕೂತು ಬತ್ತಿ ಹೊಸೆದದ್ದು ನಿಜ. ಇಂಟಿಗ್ರೇಷನ್ ಶುರುವಾದ ದಿನ ಅವಳ ಕೈ ನಿಂತಿತು. ವಾಪಸ್ ಬರುವಾಗ ಬಸ್ಸಿನಲ್ಲಿ, ಬೋರ್ಡಿನ ಮೇಲಿನ ಎರಡನೆಯ ಲೆಕ್ಕದಲ್ಲಿ ಸರ್ ಒಂದು ಚಿಹ್ನೆ ತಪ್ಪು ಹಾಕಿದ್ದರು, ನೀನೂ ಹಾಗೇ ಬರೆದುಕೊಂಡೆ ಎಂದಳು. ಸುಮಿತ್ರಾ ಪುಸ್ತಕ ತೆಗೆದು ನೋಡಿದಳು. ತಪ್ಪೇ ಇತ್ತು. ತಾಯಿಯ ಅಂಕಪಟ್ಟಿ ನೋಡಿದ್ದವಳು, ಮತ್ತೆ ನೀನು ಯಾಕೆ ಗಣಿತ ಬರೆಯಲಿಲ್ಲ ಎಂದು ಕೇಳಿದಳು.

"ಆವತ್ತು ಬ್ಯಾರೆ ಕೆಲಸ ಇತ್ತು," ಎಂದಿದ್ದಳು ಗಂಗಾಬಾಯಿ.

*

ಎಪ್ಪತ್ತೆಂಟನೆಯ ಇಸವಿಯಲ್ಲಿ ಆಳಂದದ ಕಾಲೇಜೊಂದರಲ್ಲಿ ಸೈನ್ಸ್ ತೆಗೆದುಕೊಂಡವರು ಒಂದು ಬೆಂಚು ಮುರಿದರೆ ಇನ್ನೊಂದರಲ್ಲಿ ಹಿಡಿಸುವಷ್ಟು ಜನ. ಹುಡುಗಿ ಗಂಗಾಬಾಯಿ ಒಬ್ಬಳೇ. ಹಿರೋಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಅದೇ ಊರಿನ ಖಂಡಪ್ಪನೂ ಅದೇ ಬಸ್ಸಿಗೆ ಬರುತ್ತಿದ್ದ. ಹತ್ತನೆಯ ತರಗತಿ ತನಕ ಕನ್ನಡದಲ್ಲಿ ಕಲಿತವರ ಕೈಗೆ ಇಂಗ್ಲಿಷ್ ಪುಸ್ತಕ ಬಂದಿತ್ತು. ಮೊದಲ ವರ್ಷ ಗಣಿತಕ್ಕೆ ಯಾರೂ ಇರಲಿಲ್ಲ, ಎಲ್ಲರನ್ನೂ ಪಾಸು ಮಾಡಿ ಮೇಲಕ್ಕೆ ತಳ್ಳಿದ್ದರು.

ಎರಡನೆಯ ವರ್ಷಕ್ಕೆ ಜೇವರ್ಗಿ ಕಡೆಯ ದೇವೀಂದ್ರಪ್ಪ ಎಂಬ ಹೊಸ ಲೆಕ್ಚರರ್ ಬಂದರು. ಮೊದಲ ದಿನ ಖಂಡಪ್ಪನನ್ನು ಬೋರ್ಡಿಗೆ ಕರೆದು ಅರ್ಧ ಮತ್ತು ಮೂರನೆಯ ಒಂದನ್ನು ಕೂಡಿಸಲು ಹೇಳಿದರು. ಖಂಡಪ್ಪ ಮೇಲಿನವೆರಡನ್ನು ಕೂಡಿಸಿದ, ಕೆಳಗಿನವೆರಡನ್ನು ಕೂಡಿಸಿದ, ಐದನೆಯ ಎರಡು ಎಂದು ಬರೆದ.

"ಅರ್ಧಕ್ಕ ಇನ್ನಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಆತಲ್ಲೋ," ಎಂದರು ಸರ್.

"ನಮ್ಮ ಮನ್ಯಾಗ ಹಂಗೇ ಆಗ್ತದ್ರಿ ಸರ್," ಎಂದ ಖಂಡಪ್ಪ.

ಮರುದಿನದಿಂದ ಸರ್ ಭಿನ್ನರಾಶಿಯಿಂದ ಶುರು ಮಾಡಿದರು. ದೀಪಾವಳಿ ಹೊತ್ತಿಗೂ ಪುಸ್ತಕದ ಕಾಲು ಭಾಗ ಮುಗಿದಿರಲಿಲ್ಲ. ಗಂಗಾಬಾಯಿ ತನ್ನ ಲೆಕ್ಕ ಮುಗಿಸಿ, ಉಳಿದವರು ಮುಗಿಸುವುದನ್ನು ಕಾಯುತ್ತ ಪುಸ್ತಕದ ಕೊನೆಯ ಕಡೆಯ ಪುಟಗಳನ್ನು ನೋಡುತ್ತಿದ್ದಳು. ಅಲ್ಲಿ ಇಂಟಿಗ್ರೇಷನ್ ಎಂಬ ಪಾಠದಲ್ಲಿ ಒಂದು ಉದ್ದನೆಯ ಚಿಹ್ನೆ ಇತ್ತು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯಂತಿತ್ತು. ಅದು ಏನನ್ನು ಎತ್ತುತ್ತದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು. ಗುಲಬರ್ಗಕ್ಕೆ ಹೋಗಿ ಬಿಎಸ್‌ಸಿ ಗಣಿತ ಓದುವ ಯೋಚನೆಯೂ ಇತ್ತು. ಆದರೆ ಮೊದಲು ಬೇಕಾಗಿದ್ದದ್ದು ಆ ಕೊಕ್ಕೆ.

ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೆಲ್ಲ ಬರೆಯಬೇಕಾಗಿರಲಿಲ್ಲ, ಒಂದಷ್ಟನ್ನು ಬಿಡುವ ಅವಕಾಶವಿತ್ತು. ಆ ಅವಕಾಶ ನಂಬಿ ಪಾಠವನ್ನೇ ಓದದೆ ಬಿಡುವುದಕ್ಕೆ ಹುಡುಗರು ಆಪ್ಷನ್ ಬಿಡುವುದು ಎನ್ನುತ್ತಿದ್ದರು. ಡಿಸೆಂಬರಿನಲ್ಲಿ ಸರ್ ಪುಸ್ತಕದ ಮೊದಲಿನ ಪಾಠಗಳ ಪಟ್ಟಿ ತೆಗೆಸಿ, ಇದು ಆಪ್ಷನ್, ಇದೂ ಆಪ್ಷನ್ ಎಂದು ಗೆರೆ ಹಾಕಿಸಿದರು. ಇಂಟಿಗ್ರೇಷನ್ ಪೂರ್ತಿ ಹೋಯಿತು. ಹುಡುಗರು ಹಗುರಾದರು. ಗಂಗಾಬಾಯಿ ಎದ್ದು ನಿಂತಳು.

"ಸರ್, ನನಗದು ಬೇಕ್ರಿ."

"ಪಾಸಾಗಾಕ ಬೇಕಾಗಿಲ್ಲ ತಂಗಿ."

"ಪಾಸಿಗಲ್ರಿ. ಬೇಕ್ರಿ."

ಸರ್ ಆಮೇಲೆ ವರಾಂಡದಲ್ಲಿ ಕರೆದು ಹೇಳಿದರು. ಕಾಲೇಜು ಬಿಟ್ಟ ಮೇಲೆ ಒಂದು ತಾಸು ಹೇಳಿಕೊಡಲು ಅವರು ತಯಾರು. ಆದರೆ ಒಬ್ಬಳೇ ಹುಡುಗಿಯನ್ನು ಕೂರಿಸಿಕೊಂಡರೆ ಊರು ಸುಮ್ಮನಿರುವುದಿಲ್ಲ. ಇನ್ನೊಬ್ಬರು ಬರಬೇಕು.

ಇನ್ನೊಬ್ಬರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವಳು ಖಂಡಪ್ಪನನ್ನು ಕೇಳಿದಳು.

"ಖಂಡ್ಯಾ, ನೀ ಸುಮ್ಕ ಕೂತ್ರ ಸಾಕು."

"ನಿದ್ದಿ ಬಂದ್ರ?"

"ಕಣ್ ತೆರಕೊಂಡು ಮಲ್ಕೊ."

"ರೊಟ್ಟಿ ಜೋಡಿ ಶೇಂಗಾ ಹಿಂಡಿ ತರ್ತೀಯೇನು?"

"ತರ್ತೇನಿ."

ಖಂಡಪ್ಪ ಕೂತ. ಅವನಿಗೆ ಏನೂ ತಿಳಿಯಲಿಲ್ಲ. ಆದರೆ ಪ್ರತಿ ಲೆಕ್ಕದ ಕೊನೆಗೆ ಪ್ಲಸ್ ಸಿ ಎಂದು ಬರೆಯುತ್ತಾರೆ ಎಂಬುದನ್ನು ಗಮನಿಸಿದ. ಅವನು ಗಮನಿಸಿದ್ದನ್ನು ಸರ್ ಗಮನಿಸಿದರು. ಅಲ್ಲಿಂದ ಮುಂದೆ ಗಂಗಾಬಾಯಿ ಉತ್ತರ ಹೇಳಿ ಮುಗಿಸಿದಾಗ ಅವರು ಖಂಡಪ್ಪನ ಕಡೆ ತಿರುಗಿ, ಕಡೀಕ ಏನಪಾ ಎನ್ನುತ್ತಿದ್ದರು. ಪ್ಲಸ್ ಸಿ ರೀ ಎನ್ನುತ್ತಿದ್ದ. ಭಲೇ ಎನ್ನುತ್ತಿದ್ದರು. ಗಣಿತದಲ್ಲಿ ಅವನು ಒಮ್ಮೆಯೂ ತಪ್ಪದೆ ಹೇಳಿದ ಉತ್ತರ ಅದೊಂದೇ. ಉಳಿದ ಹೊತ್ತು ಬೋರ್ಡಿನ ಮೇಲೆ ಅವಳ ಕೈ ಎಲ್ಲೂ ನಿಲ್ಲದೆ ಹೋಗುವುದನ್ನು ನೋಡುತ್ತಿದ್ದ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

*

ಹಿರೋಳ್ಳಿಯವರು ಬಂದಾಗ ಮಧ್ಯಾಹ್ನ ಆಗಿತ್ತು. ಗಂಗಾಬಾಯಿಯ ತಂದೆ ಬಸವಂತರಾಯ ಎಪ್ಪತ್ತು ದಾಟಿದ ಮನುಷ್ಯ. ಬಸ್ಸು ಬದಲಿಸಿ ಬದಲಿಸಿ ಬರುವುದು ಅವನಿಂದ ಆಗುತ್ತಿರಲಿಲ್ಲವೆಂದು ಖಂಡಪ್ಪ ಜೊತೆಗೆ ಬಂದಿದ್ದ. ಖಂಡಪ್ಪ ಈಗ ಆಳಂದ ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್. ರಜೆ ಹಾಕಿ ಬಂದಿದ್ದ.

ಮುದುಕ ಸೀರೆಯ ಗಂಟನ್ನು ಬೀಗಿತಿಯ ಕೈಗೆ ಕೊಟ್ಟು ಮಗಳ ಎದುರಿಗೆ ಕೂತ. ಅಳಲಿಲ್ಲ. ಹೆಂಗಸರು ಸೀರೆ ಹೊದಿಸಿದ ಮೇಲೆ ಎದ್ದು ಹೊರಗೆ ಕಟ್ಟೆಗೆ ಬಂದ. ಯಾರೋ ತಂಬಿಗೆಯಲ್ಲಿ ನೀರು ಕೊಟ್ಟರು. ಹಳೆಯ ರೂಢಿಯಂತೆ, ಮಗಳನ್ನು ಕೊಟ್ಟ ಮನೆಯಲ್ಲಿ ಅವನು ಈವರೆಗೆ ನೀರು ಮುಟ್ಟಿದವನಲ್ಲ. ತಂಬಿಗೆಯನ್ನು ಬದಿಗಿಟ್ಟ.

ಪಕ್ಕದಲ್ಲಿದ್ದವರಿಗೆ ಮಗಳ ಬಗ್ಗೆ ಹೇಳಲು ಅವನಿಗೆ ಇದ್ದದ್ದು ಒಂದೇ ಮಾತು. ಹಿರೋಳ್ಳಿಯಲ್ಲಿ ಪಿಯುಸಿ ಸೈನ್ಸ್ ಪಾಸಾದ ಮೊದಲ ಹುಡುಗಿ ಅವಳು. ಇದನ್ನು ಅವನು ಹದಿನೆಂಟು ವರ್ಷದಿಂದ ಹೇಳುತ್ತ ಬಂದಿದ್ದ. ಖಂಡಪ್ಪ ಪ್ರತಿ ಸಲ ಕೇಳಿ ಸುಮ್ಮನಿರುತ್ತಿದ್ದ.

*

ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ನಾಲ್ಕನೆಯ ತರಗತಿ ಓದಿದ್ದ ಬಸವಂತರಾಯ ಮಗಳ ಓದಿಗೆ ಅಡ್ಡ ಬಂದವನಲ್ಲ. ಆ ಜನವರಿಯಲ್ಲಿ ಅವಳು ಸಂಜೆಯ ಬಸ್ಸಿಗೆ ಬರತೊಡಗಿದಾಗ, ಯಾಕೆ ತಡ ಎಂದಷ್ಟೇ ಕೇಳಿದ.

"ಗಣಿತದಾಗ ಆಪ್ಷನ್ ಬಿಟ್ಟಾರಪ್ಪಾ. ಸರ್ ಬ್ಯಾರೆ ಹೇಳಾಕತ್ತಾರ."

"ಆಪ್ಷನ್ ಅಂದ್ರೇನು?"

ಅವಳಿಗೆ ಹಸಿವಾಗಿತ್ತು. "ಬಿಟ್ರೂ ನಡೀತದ ಅಂತ," ಎಂದು ಹೇಳಿ ಒಳಗೆ ಹೋದಳು.

ಆ ಮಾತು ಅವನ ತಲೆಯಲ್ಲಿ ಉಳಿಯಿತು.

ಫೆಬ್ರುವರಿಯಲ್ಲಿ ಕರಜಗಿಯ ಸಂಬಂಧ ಬಂತು. ನೀರಾವರಿ ಹೊಲ, ಕಬ್ಬು, ಒಬ್ಬನೇ ಮಗ ಶಾಂತಲಿಂಗಪ್ಪ. ಎರಡೂ ಕಡೆಯವರು ಗಾಣಗಾಪುರದ ಲಾಜೊಂದರ ಜಗುಲಿಯಲ್ಲಿ ಕೂಡಿ ಮಾತು ಮುಗಿಸಿದರು. ಪರೀಕ್ಷೆಗೆ ಅಡ್ಡ ಬರುವ ದಿನ ಬೇಡವೆಂದು ಬಸವಂತರಾಯ ವೇಳಾಪಟ್ಟಿ ಬರೆಸಿಕೊಂಡೇ ಹೋಗಿದ್ದ. ಸ್ವಾಮಿಗಳು ಕೊಟ್ಟ ಎರಡು ದಿನಗಳಲ್ಲಿ ಒಂದು ಗಂಡಿನ ಕಡೆಯವರಿಗೆ ಆಗುತ್ತಿರಲಿಲ್ಲ. ಉಳಿದದ್ದು ಕೊನೆಯ ಪೇಪರಿನ ದಿನ. ಅದು ಯಾವ ವಿಷಯ ನೋಡ್ರಿ ಎಂದು ಚೀಟಿಯನ್ನು ಓದಿಸಿದ. ಗಣಿತ ಎಂದರು.

"ಗಣಿತಾ? ಹಂಗಾದ್ರ ಫಿಕರ್ ಇಲ್ಲ. ಅದು ಆಪ್ಷನ್ ಅದ."

ಕಾರ್ಡು ಅಚ್ಚಾದ ಮೇಲೆ ಒಂದನ್ನು ಮಗಳ ಕೈಗೆ ಕೊಟ್ಟ. ಎಲ್ಲ ಪೇಪರೂ ಬರೆಯಬಹುದು, ಅಡ್ಡ ಬಂದದ್ದು ನಿನ್ನ ಆಪ್ಷನ್ ಗಣಿತ ಒಂದೇ, ನಸೀಬು ಎಂದ. ಅವಳು ಕಾರ್ಡನ್ನು ಎರಡೂ ಬದಿ ನೋಡಿದಳು. ನಾಲ್ಕು ದಿನ ಮುಂದೆ ಹಾಕಲು ಬರುತ್ತದೇನು ಎಂದು ಕೇಳಿದಳು. ಅರ್ಧ ಹಂಚಿಯಾಗಿದೆ ಎಂದ. ಅವನು ಅಷ್ಟು ಸಂತೋಷವಾಗಿದ್ದುದನ್ನು ಅವಳು ನೋಡಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಖಂಡಪ್ಪನಿಗೆ ಹೇಳಿದಳು. ನಗುತ್ತಲೇ ಹೇಳಿದಳು.

"ನಮ್ಮಪ್ಪಗ ಹೇಳಬ್ಯಾಡ ಖಂಡ್ಯಾ. ಗೊತ್ತಾದ್ರ ಲಗ್ನದಾಗ ತಲಿ ಎತ್ತಂಗಿಲ್ಲ ಅಂವ."

ಅಂದು ಕಾಲೇಜು ಬಿಟ್ಟ ಮೇಲೆ ಅವಳು ನಿಲ್ಲಲಿಲ್ಲ. ಖಂಡಪ್ಪ ಮಾತ್ರ ಹೋಗಿ ತನ್ನ ಜಾಗದಲ್ಲಿ ಕೂತ. ಸರ್ ಬಾಗಿಲ ಕಡೆ ನೋಡಿದರು, ಅವನ ಕಡೆ ನೋಡಿದರು, ಪುಸ್ತಕ ಮುಚ್ಚಿದರು. ಪಾಠ ಅಲ್ಲಿಗೆ, ಪ್ಲಸ್ ಸಿಯ ಹತ್ತಿರವೇ ನಿಂತಿತು.

ಲಗ್ನದ ಊಟ ಖಂಡಪ್ಪನಿಗೆ ಸಿಗಲಿಲ್ಲ. ಆ ಹೊತ್ತಿಗೆ ಅವನು ಪರೀಕ್ಷೆಯಲ್ಲಿದ್ದ. ಫೇಲಾದ.

*

ಕಟ್ಟೆಯ ಮೇಲೆ ಯಾರೋ ಸುಮಿತ್ರಾಳ ಓದಿನ ಮಾತು ತೆಗೆದರು. ಶಾಂತಲಿಂಗಪ್ಪ ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ರಾತ್ರಿಯೆಲ್ಲ ಜೀಪಿನಲ್ಲಿ ಹೆಂಡತಿಯ ತಲೆ ಹಿಡಿದು ಕೂತವನು.

"ಕಾಲೇಜಿಗೆ ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಟ್ಯೂಷನ್ ಆಗಂಗಿಲ್ಲ. ಕಬ್ಬು ಕಡಿಯೋ ಟೈಮು, ನಾ ಹೋಗಿ ಕೂಡಾಕ ಆಗ್ತದೇನು? ನಮ್ಮವ್ವಗ ಬಸ್ ಹತ್ತಾಕ ಬರಂಗಿಲ್ಲ. ಒಂದ ಹುಡುಗಿನ್ನ ಅಷ್ಟು ಗಂಡಹುಡುಗರ ನಡುವ ಹ್ಯಾಂಗ ಕಳಸ್ಲಿ?"

ಸುಮಿತ್ರಾ ಬಾಗಿಲಲ್ಲಿ ನಿಂತಿದ್ದಳು.

"ಟ್ಯೂಷನ್ ಬಿಟ್ರ ಗಣಿತ ಹೋಗ್ತದಪ್ಪಾ. ಕಾಲೇಜಿನಾಗ ಯಾರೂ ಇಲ್ಲ."

"ಒಂದ ಹೋದ್ರ ಹೋಗ್ಲಿ ಬಿಡು."

ಮಾತು ಬಿಗಿಯಾಗುವುದು ಮುದುಕನಿಗೆ ಬೇಕಿರಲಿಲ್ಲ. ಹೆಣ ಇನ್ನೂ ಮನೆಯಲ್ಲಿತ್ತು. ಮೊಮ್ಮಗಳನ್ನು ಸಮಾಧಾನ ಮಾಡಲು ತನಗೆ ಗೊತ್ತಿದ್ದದ್ದನ್ನು ಹೇಳಿದ.

"ಅಳಿಯಂದ್ರು ಹೇಳೋದು ಖರೇ ಅದ ತಂಗಿ. ಗಣಿತ ಆಪ್ಷನ್ ಇರ್ತದ. ನಿಮ್ಮವ್ವನೂ ಲಗ್ನದ ದಿನ ಬಂತಂತ ಬಿಟ್ಟಿದ್ಲು. ಏನ್ ಕಡಿಮಿ ಆತು ಆಕಿಗಿ?"

ಸುಮಿತ್ರಾ ಅವನನ್ನೇ ನೋಡಿದಳು. ಆವತ್ತಿದ್ದ ಬೇರೆ ಕೆಲಸ ಯಾವುದು ಎಂಬುದು ಅವಳಿಗೆ ಆಗ ತಿಳಿಯಿತು.

"ಗಣಿತ ಆಪ್ಷನ್ ಇರಂಗಿಲ್ಲ ಮುತ್ಯಾ. ಗಣಿತದಾಗಿನ ಒಂದೆರಡು ಪಾಠ ಆಪ್ಷನ್ ಬಿಡ್ತಾರ. ಗಣಿತಾನೇ ಬಿಟ್ರ ಫೇಲ್. ಅವ್ವ ಫೇಲ್ ಆಗ್ಯಾಳ."

ಕಟ್ಟೆಯ ಮೇಲಿದ್ದವರಿಗೆ ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. ಒಬ್ಬ ಬೀಡಿ ಹಚ್ಚಿದ. ಬಸವಂತರಾಯ ಖಂಡಪ್ಪನ ಕಡೆ ತಿರುಗಿದ.

"ಹೌದೇನಲೇ?"

ಖಂಡಪ್ಪ ಚಪ್ಪಲಿಯ ತುದಿಯಿಂದ ಮಣ್ಣು ಕೆದರಿದ.

"ಹೌದ್ರಿ ಕಾಕಾ."

"ಆಕಿಗಿ ಗೊತ್ತಿತ್ತಾ?"

"ಗೊತ್ತಿತ್ರಿ. ಕಾರ್ಡ್ ಅಚ್ಚಾಗಿದ್ವು."

ಬದಿಗಿಟ್ಟಿದ್ದ ತಂಬಿಗೆಯ ನೀರಿನಲ್ಲಿ ಒಂದು ಇರುವೆ ಬಿದ್ದಿತ್ತು. ಮುದುಕ ಅದನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಕುಣಿ ತಯಾರಾಯಿತೆಂದು ಹೇಳಿಕಳಿಸಿದರು.

ಹೊಲದ ಬದುವಿನಲ್ಲಿ ಕುಣಿ ಸಣ್ಣದಾಗಿ, ಅಚ್ಚುಕಟ್ಟಾಗಿ ಬಂದಿತ್ತು. ಒಳಗಿನ ಗೂಡಿನಲ್ಲಿ ಅವಳನ್ನು ಕೂರಿಸಿದರು. ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟರು. ವಿಭೂತಿಯ ಗಟ್ಟಿ, ಬಿಲ್ವಪತ್ರೆ, ಉಪ್ಪು. ಮೊದಲ ಹಿಡಿ ಮಣ್ಣನ್ನು ತಂದೆಯ ಕೈಗೆ ಕೊಟ್ಟರು. ಅವನು ಮುಷ್ಟಿ ಕಟ್ಟಿಕೊಂಡು ನಿಂತ. ಹಿಂದಿದ್ದವರು ಕಾದರು. ಬಿಡ್ರಿ ಎಂದರು ಸ್ವಾಮಿಗಳು. ಅವನು ಬಿಡಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಖಂಡಪ್ಪ ಬಂದು ಅವನ ಬೆರಳುಗಳನ್ನು ಬಿಡಿಸಿದ.

*

ಸಂಜೆ ಎಲ್ಲರೂ ಕಾಲು ತೊಳೆದು ಬಂದಾಗ ಸುಭದ್ರಾಬಾಯಿ ಹೆಣ ಕೂರಿಸಿದ್ದ ಜಾಗ ಸಾರಿಸಿ ಮುಗಿಸಿದ್ದಳು. ದೀಪ ಇಡಬೇಕಿತ್ತು. ಮನೆಯಲ್ಲಿ ಬತ್ತಿ ಇರಲಿಲ್ಲ.

ಅಫಜಲಪುರಕ್ಕೆ ಹೋಗುವ ಕೊನೆಯ ಬಸ್ಸಿನ ಹೊತ್ತಾಯಿತು ಎಂದು ಖಂಡಪ್ಪ ನೆನಪಿಸಿದ. ಬಸವಂತರಾಯ ಏಳಲಿಲ್ಲ.

"ನೀ ಹೋಗು. ಪರೀಕ್ಷಿ ಮುಗಿಯೋ ತನ ನಾ ಇಲ್ಲೇ ಇರ್ತೇನಿ ಅಂತ ನಮ್ಮ ಮನ್ಯಾಗ ಹೇಳು."

ಶಾಂತಲಿಂಗಪ್ಪ ತಲೆ ಎತ್ತಿ ಮಾವನನ್ನು ನೋಡಿದ. ಸುಭದ್ರಾಬಾಯಿ ಎದ್ದು ಒಳಗೆ ಹೋಗಿ ಬೇರೆ ತಂಬಿಗೆಯಲ್ಲಿ ನೀರು ತಂದು ಬೀಗನ ಮುಂದಿಟ್ಟಳು. ಅವನು ಕುಡಿದ.

"ರೊಟ್ಟಿನೂ ತಿನ್ನಬೇಕಾಗ್ತದ್ರಿ ಬೀಗರ," ಎಂದಳು. "ಬರೇ ನೀರಿನ ಮ್ಯಾಲ ಇರಾಕ ಬರಂಗಿಲ್ಲ."

ಅವನು ತಂಬಿಗೆ ಕೆಳಗಿಟ್ಟು ಮೊಮ್ಮಗಳನ್ನು ಕೇಳಿದ.

"ಆ ಮಾಸ್ತರ ಮನ್ಯಾಗ ಕುರ್ಚಿ ಅದನೋ, ಚಾಪಿನೋ? ನನಗ ನೆಲಕ್ಕ ಭಾಳೊತ್ತು ಕೂಡಾಕ ಬರಂಗಿಲ್ಲ."

"ಕುರ್ಚಿ ಅದ ಮುತ್ಯಾ."

"ನಾ ಏನರ ಮಾತಾಡಬೇಕಾಗ್ತದೇನು?"

"ಏನೂ ಇಲ್ರಿ ಕಾಕಾ," ಎಂದ ಖಂಡಪ್ಪ. ಅವನು ಹೊಸ್ತಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದ. "ಸುಮ್ಕ ಕೂತ್ರ ಸಾಕು. ಕಡೀಕ ಏನಂತ ಕೇಳಿದ್ರ ಪ್ಲಸ್ ಸಿ ಅನ್ರಿ."

"ಈಗ ಪ್ಲಸ್ ಸಿ ಬರಂಗಿಲ್ಲ ಮಾಮಾ," ಎಂದಳು ಸುಮಿತ್ರಾ. "ಅದು ಮುಗೀತು. ಲಿಮಿಟ್ ಹಾಕಿದ ಮ್ಯಾಲ ಸಿ ಹೋಗ್ತದ."

"ಎಲ್ಲಿಗಿ ಹೋಗ್ತದ?"

"ಅವ್ವನೂ ಹಿಂಗೇ ಕೇಳಿದ್ಲು. ಬಸ್ಸಿನಾಗ." ಅವಳು ಒಂದು ಬೆರಳನ್ನು ಮೇಲೆ, ಇನ್ನೊಂದನ್ನು ಕೆಳಗೆ ಹಿಡಿದು ತೋರಿಸಿದಳು. "ಮ್ಯಾಲಿಂದರಾಗೂ ಅದೇ ಸಿ ಇರ್ತದ, ಕೆಳಗಿಂದರಾಗೂ ಅದೇ ಇರ್ತದ. ಒಂದರಾಗ ಒಂದು ಕಳದ್ರ ಹೋಗ್ತದ."

ಖಂಡಪ್ಪ ತಿಳಿದವನಂತೆ ತಲೆ ಆಡಿಸಿದ. ಇನ್ನೊಂದು ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೋದ.

ಸುಭದ್ರಾಬಾಯಿ ಗೂಟಕ್ಕೆ ನೇತು ಹಾಕಿದ್ದ ಸೊಸೆಯ ಗಂಟನ್ನು ಇಳಿಸಿ ಬಿಚ್ಚಿದಳು. ಹತ್ತಿ ಒಯ್ದ ಹಾಗೇ ಇತ್ತು. ಒಂದು ಎಳೆ ತೆಗೆದು, ಅಂಗೈಗೆ ವಿಭೂತಿ ಹಚ್ಚಿಕೊಂಡು ತೊಡೆಯ ಮೇಲೆ ಬತ್ತಿ ಹೊಸೆದಳು. ದೀಪ ಹಚ್ಚಿದಳು.

ಟ್ಯೂಷನ್ನಿನಲ್ಲಿ ಇನ್ನು ವಕ್ರರೇಖೆಯ ಕೆಳಗಿನ ಕ್ಷೇತ್ರಫಲ ಆಗಬೇಕಿತ್ತು, ಡಿಫರೆನ್ಶಿಯಲ್ ಇಕ್ವೇಶನ್ ಆಗಬೇಕಿತ್ತು. ಗಂಗಾಬಾಯಿ ಕೇಳದೆ ಉಳಿದದ್ದು ಎರಡು ಪಾಠ.